ಕಿಲ್ಟ್‌ಗೆ ಸ್ಕಿಯನ್ ದೂ ಕೊಳ್ಳುವವರೇ, ಮೊದಲು ಹಿಡಿ ಅಲ್ಲಾಡಿಸಿ ನೋಡಿ

ಗ್ಲಾಸ್ಗೋ, ಎಡಿನ್‌ಬರಾ ಕಡೆ ಓದುತ್ತಿರುವ ನಮ್ಮ ಹುಡುಗರು ಪದವಿ ಪ್ರದಾನಕ್ಕೋ ಗೆಳೆಯರ ಮದುವೆಗೋ ಕಿಲ್ಟ್, ಅಂದರೆ ಸ್ಕಾಟ್ಲೆಂಡ್‌ನ ಗಂಡಸರು ಉಡುವ ನೆರಿಗೆಯ ಲಂಗ, ಉಡುವುದುಂಟು. ಅಂಥವರು ದಯವಿಟ್ಟು ಇದನ್ನು ಓದಿ. ಕಾಲುಚೀಲದ ಬಾಯಲ್ಲಿ ಸಿಕ್ಕಿಸಿಕೊಳ್ಳುವ ಪುಟ್ಟ ಚಾಕುವಿಗೆ ಗೇಲಿಕ್ ಭಾಷೆಯಲ್ಲಿ ಸ್ಕಿಯನ್ ದೂ, ಅಂದರೆ ಕರಿ ಚಾಕು, ಎನ್ನುತ್ತಾರೆ. ಫೋಟೊ ನೋಡಿ ಆನ್‌ಲೈನ್‌ನಲ್ಲಿ ತರಿಸಿದ ಅಂಥದ್ದೊಂದು ಚಾಕು ಮದುವೆಯ ಕುಣಿತದ ನಡುವೆ ಕೈಕೊಟ್ಟಿತು. ಜೋಡಿ ಸುತ್ತುವಾಗ ಪಕ್ಕದವರ ಲಂಗದ ಲೇಸು ಹಿಡಿಗೆ ಸಿಕ್ಕಿಕೊಂಡು, ಹಿಡಿ ಕಳಚಿ ನೆಲಕ್ಕೆ ಬಿತ್ತು. ಅಲಗು ಒರೆಯೊಳಗೇ ಉಳಿಯಿತು. ತೊಟ್ಟಿದ್ದ ಹುಡುಗ ಒರೆಯ ಬಾಯಲ್ಲಿ ಕಾಣುತ್ತಿದ್ದ ಉಕ್ಕನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಬೆರಳು ಜಾರಿ ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಬಿತ್ತು. ಮಾರಿದವರು ಹಣ ವಾಪಸ್ ಕೊಡಲಿಲ್ಲ. ‘ಅಲಂಕಾರಕ್ಕೆ ಮಾತ್ರ’ ಎಂದು ಪುಟದ ಕೊನೆಗೆ ಸಣ್ಣಕ್ಷರದಲ್ಲಿ ಹಾಕಿದ್ದೇವೆ ಎಂದರು.

ಆ ಚಾಕುವನ್ನು ಬಿಚ್ಚಿ ನೋಡಿದರೆ ಕೈಕೊಟ್ಟ ಕಾರಣವೆಲ್ಲ ಅಲ್ಲೇ ಇದೆ. ಒಟ್ಟು ಉದ್ದ 18 ಸೆಂ.ಮೀ., ಅಲಗು 8 ಸೆಂ.ಮೀ. ಹಿಡಿಯೊಳಗೆ ಇಳಿಯಬೇಕಾದ ಉಕ್ಕಿನ ಬಾಲ ಮಾತ್ರ ಬರೀ 2 ಸೆಂ.ಮೀ., ದಪ್ಪದಲ್ಲಿ ಒಂದು ಮೊಳೆಯಷ್ಟು. ಹಿಡಿ ಮರದ್ದಲ್ಲ, ಅಚ್ಚಿಗೆ ಹೊಯ್ದ ರೆಸಿನ್. ಹೆಣಿಗೆಯ ವಿನ್ಯಾಸ ಕೆತ್ತಿದ್ದಲ್ಲ, ಅಚ್ಚಿನಲ್ಲೇ ಮೂಡಿದ್ದು. ಬದಿಯಲ್ಲಿ ಅಚ್ಚಿನ ಎರಡು ಹೋಳು ಸೇರಿದ ಗೆರೆ ಉಗುರಿಗೆ ತಗಲುತ್ತಿತ್ತು. ಬಾಲದ ಉಕ್ಕು ಕನ್ನಡಿಯಂತೆ ನುಣುಪಾಗಿತ್ತು, ಒಂದು ಗೀರು ಕೂಡ ಹಾಕಿರಲಿಲ್ಲ. ನುಣುಪಾದ ಉಕ್ಕನ್ನು ಅಂಟು ಗಟ್ಟಿಯಾಗಿ ಕಚ್ಚುವುದಿಲ್ಲ. ಒಣಗಿ ಗಾಜಿನಂತೆ ಬಿರುಸಾದ ಅಂಟು ಪಕ್ಕದಿಂದ ಒಂದು ಏಟು ಬಿದ್ದರೆ ಸಾಕು, ಬಿಟ್ಟುಕೊಳ್ಳುತ್ತದೆ. ಇಷ್ಟಾದರೂ ಅಲಗಿಗೆ ಹರಿತ ಮಾತ್ರ ಚೆನ್ನಾಗಿಯೇ ಕೊಟ್ಟಿದ್ದರು. ಹರಿತ ಇದೆ, ಹಿಡಿತ ಇಲ್ಲ: ಎಲ್ಲಕ್ಕಿಂತ ಅಪಾಯದ ಚಾಕು ಇದೇ.

ಹಾಗಾಗಿ ದುಡ್ಡು ಕೊಡುವ ಮೊದಲು, ಇದು ತೋರಿಕೆಗೋ ಕೊಯ್ಯುವುದಕ್ಕೋ ಎಂದು ತೀರ್ಮಾನಿಸಿಕೊಳ್ಳಿ. ವರ್ಷಕ್ಕೆ ಒಂದೆರಡು ಸಲ ತೊಡುವವರಿಗೆ, ಕುಣಿಯುವವರಿಗೆ, ಮಕ್ಕಳಿಗೆ ಅಲಗೇ ಇಲ್ಲದ ಚಾಕು ಸಾಕು. ಹಿಡಿ, ಒರೆ ಎರಡೂ ಒಂದೇ ತುಂಡಾಗಿ ಬರುತ್ತವೆ. ಕಾಲುಚೀಲದಿಂದ ಹೊರಗೆ ಕಾಣುವುದು ಹಿಡಿಯ ಮೇಲಿನ ಒಂದೂವರೆ ಇಂಚು ಮಾತ್ರ, ಒಳಗೆ ಅಲಗಿದೆಯೋ ಇಲ್ಲವೋ ಯಾರಿಗೂ ತಿಳಿಯದು. ಇದನ್ನು ನಾಚಿಕೆಯ ವಿಷಯ ಎಂದುಕೊಳ್ಳಬೇಡಿ. ಬಾಡಿಗೆ ಉಡುಪಿನ ಜೊತೆಗೂ ಎಷ್ಟೋ ಅಂಗಡಿಗಳು ಇಂಥದ್ದನ್ನೇ ಕೊಡುತ್ತವೆ.

ನಿಜವಾಗಿ ಹಣ್ಣು, ಚೀಸ್, ದಾರ ಕೊಯ್ಯಬೇಕೆಂದಿದ್ದರೆ ಬಾಲ ಹಿಡಿಯ ಉದ್ದಕ್ಕೂ ಹೋಗಿ, ತುದಿಯ ಟೋಪಿಯ ಆಚೆ ಬಡಿದು ಹರಡಿಸಿರಬೇಕು ಅಥವಾ ನಟ್ಟು ಬಿಗಿದಿರಬೇಕು. ಕನಿಷ್ಠಪಕ್ಷ ಹಿಡಿಯ ಮೂರರಲ್ಲಿ ಎರಡು ಪಾಲು ಇಳಿದು, ಅಡ್ಡಕ್ಕೆ ಒಂದು ಪಿನ್ ಹಾಯ್ದಿರಬೇಕು. ಮಾರುವವರನ್ನು ‘ಬಾಲ ಎಷ್ಟು ಉದ್ದ, ಹೇಗೆ ಬಿಗಿದಿದೆ’ ಎಂದು ನೇರವಾಗಿ ಕೇಳಿ. ಮಾಡುವವರಿಗೆ ಇದು ಬಾಯಿಪಾಠದಂತೆ ಗೊತ್ತಿರುತ್ತದೆ. ‘ಒಳ್ಳೇ ಕ್ವಾಲಿಟಿ ಸರ್’ ಎಂದಷ್ಟೇ ಉತ್ತರ ಬಂದರೆ ಬಿಟ್ಟುಬಿಡಿ. ಅಲಗು ಒರೆಯಲ್ಲಿರುವಾಗಲೇ ಹಿಡಿಯನ್ನು ಎಡಕ್ಕೆ ಬಲಕ್ಕೆ ಒತ್ತಿ ನೋಡಿ. ಕೂದಲೆಳೆಯಷ್ಟು ಅಲ್ಲಾಡಿದರೂ ಬೇಡ. ಟಿಕ್ ಎಂಬ ಸದ್ದು ಕೇಳಿದರೆ ಅಂಟು ಆಗಲೇ ಬಿರುಕು ಬಿಟ್ಟಿದೆ ಎಂದರ್ಥ.

ಒರೆಯ ಕಡೆ ಯಾರೂ ಗಮನ ಕೊಡುವುದಿಲ್ಲ, ಆದರೆ ಅದರಿಂದಲೂ ಗಾಯ ಆಗುತ್ತದೆ. ಚಾಕುವನ್ನು ತಲೆಕೆಳಗು ಮಾಡಿ ಮೂರು ಸಲ ಕೊಡವಿ. ತಾನಾಗಿ ಜಾರಬಾರದು, ಹಾಗಂತ ಎರಡು ಕೈ ಹಾಕಿ ಕೀಳಬೇಕಾಗಿಯೂ ಬರಬಾರದು. ಬರೀ ತೆಳು ಚರ್ಮ ಮಡಿಚಿ ಹೊಲಿದ ಒರೆ ಬೇಡವೇ ಬೇಡ. ಕೂತಾಗ ಅದು ಬಾಗುತ್ತದೆ, ಅಲಗಿನ ಮೊನೆ ಹೊಲಿಗೆಯನ್ನು ಕೊಯ್ದುಕೊಂಡು ಮೀನಖಂಡಕ್ಕೆ ಬರುತ್ತದೆ. ಒಳಗೆ ಮರದ ಪಟ್ಟಿ ಇಟ್ಟು ಮೇಲೆ ಚರ್ಮ ಸುತ್ತಿದ್ದು ವಾಸಿ. ಒರೆಯ ತುದಿಯ ಲೋಹದ ಟೋಪಿಗೆ ಚೂಪು ಅಂಚಿದ್ದರೆ ಉಣ್ಣೆಯ ಕಾಲುಚೀಲ ಒಂದೇ ಸಂಜೆಯಲ್ಲಿ ತೂತು.

ಇನ್ನು ಹಿಡಿಯ ವಸ್ತು. ಹಳೆಯ ಕ್ರಮದಲ್ಲಿ ಕರಿಮರ, ಜೌಗು ನೆಲದಲ್ಲಿ ಹೂತು ಕಪ್ಪಾದ ಓಕ್, ಇಲ್ಲವೇ ಜಿಂಕೆಕೊಂಬು. ಕೊಂಬಿನದು ಹಗಲಿನ ಉಡುಪಿಗೆ, ಬೆಳ್ಳಿ ಕಟ್ಟಿದ ಕರಿಹಿಡಿ ಸಂಜೆಯ ಸಮಾರಂಭಕ್ಕೆ. ಇಂಗ್ಲೆಂಡ್‌ನ ಶೆಫೀಲ್ಡ್ ಊರಿನ ಚಾಕು ಮಾಡುವವರು ನಮ್ಮ ಕಡವೆಯ ಕೊಂಬನ್ನು ಬಹಳ ಇಷ್ಟಪಡುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಭಾರತ ಕೊಂಬಿನ ರಫ್ತನ್ನೇ ನಿಲ್ಲಿಸಿತು. ‘ಭಾರತದ ಹೊಸ ಕಡವೆ ಕೊಂಬು’ ಎಂದು ಯಾರಾದರೂ ಮಾರಿದರೆ ಅದು ಸುಳ್ಳು ಅಥವಾ ಕಳ್ಳಮಾಲು, ಎರಡರಲ್ಲಿ ಒಂದು. ಆನೆದಂತದ ಹಿಡಿಯ ಹಳೆಯ ಚಾಕುಗಳ ಹತ್ತಿರವೂ ಸುಳಿಯಬೇಡಿ. ಕೊಡಗಿನ ಮನೆಗಳಲ್ಲಿ ಅಜ್ಜನ ಕಾಲದ ದಂತದ ಪೀಚೆಕತ್ತಿ ಇರುವವರಿಗೆ ಇದು ಎಂಥ ಸೂಕ್ಷ್ಮ ವಿಷಯ ಎಂದು ಗೊತ್ತಿದೆ. ಬ್ರಿಟನ್‌ನಲ್ಲೂ 2018ರ ಕಾಯ್ದೆ ದಂತದ ವ್ಯಾಪಾರಕ್ಕೆ ಬಹುಮಟ್ಟಿಗೆ ಬೀಗ ಹಾಕಿದೆ.

‘ಬೆಳ್ಳಿ’ ಎಂದರೆ ಮುದ್ರೆ ಹುಡುಕಿ. ಬ್ರಿಟನ್‌ನಲ್ಲಿ 7.78 ಗ್ರಾಂ ಮೀರಿದ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯ, ಎಡಿನ್‌ಬರಾದ ಗುರುತು ಮೂರು ಗೋಪುರದ ಕೋಟೆ. ‘ಸಿಲ್ವರ್ ಫಿನಿಶ್’ ಅಂದರೆ ಬಣ್ಣ ಅಷ್ಟೇ. ‘1746ರ ಕಲೋಡನ್ ಕದನದಲ್ಲಿ ಬಳಸಿದ್ದು’ ಎಂಬ ಮಾತಿಗಂತೂ ಒಂದು ಪೌಂಡೂ ಹೆಚ್ಚು ಕೊಡಬೇಡಿ. ಕಾಲುಚೀಲದಲ್ಲಿ ಈ ಚಾಕು ಕಾಣಿಸುವುದು 19ನೇ ಶತಮಾನದ ಆರಂಭದ ಚಿತ್ರಗಳಲ್ಲಿ. 1812ರ ಸುಮಾರಿಗೆ ಸ್ಕಾಟ್ ಚಿತ್ರಕಾರ ರೇಬರ್ನ್ ಬರೆದ, ಗ್ಲೆನ್‌ಗ್ಯಾರಿಯ ಕುಲನಾಯಕ ಮ್ಯಾಕ್‌ಡೊನೆಲ್‌ನ ಭಾವಚಿತ್ರ ಅವುಗಳಲ್ಲಿ ಹೆಸರಾದದ್ದು.

ಸ್ಕಾಟ್ಲೆಂಡ್‌ನ ಕಾನೂನನ್ನೂ ತಿಳಿದಿರಿ. ಸಾರ್ವಜನಿಕ ಜಾಗದಲ್ಲಿ ಚಾಕು ಇಟ್ಟುಕೊಳ್ಳುವುದು 1995ರ ಕ್ರಿಮಿನಲ್ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ ಅಪರಾಧ. ಮೂರು ಇಂಚಿನ ವಿನಾಯಿತಿ ಇರುವುದು ಮಡಚುವ ಚಾಕುವಿಗೆ, ಸ್ಕಿಯನ್ ದೂ ಮಡಚುವುದಿಲ್ಲ. ರಾಷ್ಟ್ರೀಯ ಉಡುಪಿನ ಭಾಗವಾಗಿ ತೊಟ್ಟಿದ್ದೆ ಎನ್ನುವುದು ಕಾನೂನು ಒಪ್ಪುವ ಸಮರ್ಥನೆ. ಆದರೆ ಸಮಾರಂಭ ಮುಗಿಸಿ ಜೀನ್ಸ್ ತೊಟ್ಟು, ಚಾಕುವನ್ನು ಜಾಕೆಟ್ ಜೇಬಿಗೆ ಹಾಕಿಕೊಂಡು ಪಬ್‌ಗೆ ಹೋದರೆ ಆ ಸಮರ್ಥನೆ ಉಳಿಯುವುದಿಲ್ಲ. ಸಭಾಂಗಣದವರೂ ಬೇಡ ಎನ್ನಬಹುದು, ಮೊದಲೇ ಕೇಳಿಕೊಳ್ಳಿ. ಬೆಂಗಳೂರಿಗೆ ವಾಪಸಾಗುವಾಗ ಚೆಕ್-ಇನ್ ಸೂಟ್‌ಕೇಸ್‌ನಲ್ಲೇ ಇಡಿ. ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ.

ತೊಡುವಾಗ ಬಲಗೈಯವರು ಬಲಗಾಲಿಗೆ, ಹೊರಮಗ್ಗುಲಿಗಿಂತ ಸ್ವಲ್ಪ ಮುಂದೆ, ಎಲಾಸ್ಟಿಕ್ ಪಟ್ಟಿಯ ಒಳಗೆ ಸಿಕ್ಕಿಸಿ. ನುಣುಪು ಚರ್ಮದ ಒರೆ ನಡೆಯುತ್ತಾ ನಡೆಯುತ್ತಾ ಪಾದದ ಕಡೆ ಇಳಿಯುತ್ತದೆ. ಒರೆಯ ಕುತ್ತಿಗೆಗೆ ಒಂದು ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿದರೆ ನಿಲ್ಲುತ್ತದೆ. ಮನೆಗೆ ಬಂದ ಮೇಲೆ ಅಲಗನ್ನು ಒರೆಯಲ್ಲಿ ಬಿಡಬೇಡಿ, ಬೆವರು ಕುಡಿದ ಚರ್ಮದಿಂದ ಕಾರ್ಬನ್ ಉಕ್ಕಿಗೆ ಬೇಗ ತುಕ್ಕು ಹಿಡಿಯುತ್ತದೆ. ಒರೆಸಿ, ಹೊಲಿಗೆ ಮಿಷನ್ ಎಣ್ಣೆಯ ಒಂದು ಹನಿ ಸವರಿ, ಕಾಗದದಲ್ಲಿ ಸುತ್ತಿ ಬೇರೆ ಇಡಿ. ಮತ್ತೆ ಹಣ್ಣು ಕೊಯ್ಯುವ ಮುಂಚೆ ಆ ಎಣ್ಣೆಯನ್ನು ಸೋಪಿನಲ್ಲಿ ತೊಳೆಯಿರಿ.