ಹಳೇ ಡೀಸೆಲ್ ಎಸ್‌ಯುವಿ, ಒಂದೂವರೆ ವರ್ಷ ಓಡಿಸಿದ ಮೇಲೆ

ನನ್ನದು 2012ರ ಗಾಡಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೀಟರ್‌ನಲ್ಲಿ 1,20,000 ಕಿ.ಮೀ. ಇತ್ತು. (ಮೀಟರ್ ಸುಮ್ನೆ ನಂಬಬೇಡಿ, ಬ್ರೇಕ್ ಪೆಡಲ್ ರಬ್ಬರ್ ಎಷ್ಟು ಸವೆದಿದೆ ನೋಡಿ.) ಎಂಜಿನ್ ಬಗ್ಗೆ ದೂರಿಲ್ಲ. ಕಾಟ ಕೊಟ್ಟಿದ್ದು ಹೆಚ್ಚಾಗಿ ಅದರ ಸುತ್ತಮುತ್ತಲಿನ ರಬ್ಬರ್ ಸಾಮಾನು.

ಮೊದಲ ತಿಂಗಳೇ ಹೆಬ್ಬಾಳ ಫ್ಲೈಓವರ್ ಹತ್ತುವಾಗ ಗಾಡಿ ಎಳೆಯುವುದೇ ನಿಂತಿತು, ಬಾನೆಟ್ ಒಳಗಿಂದ ಸೀಟಿ ಹೊಡೆದ ಹಾಗೆ ಸದ್ದು, ಹಿಂದೆ ಕಪ್ಪು ಹೊಗೆ, ಪಕ್ಕದ ಆಟೋದವರು ಮೂಗು ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಹೋಗಿದೆ ಎಂದು ಒಬ್ಬ ಮೆಕ್ಯಾನಿಕ್ ಹೆದರಿಸಿದ. ನೋಡಿದರೆ ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಪೈಪ್, ಕ್ಲಿಪ್ ಕೆಳಗೆ ಒಂದು ಇಂಚು ಸೀಳಿತ್ತು. ಜೆಸಿ ರೋಡಿನಲ್ಲಿ ಹೊಸದು ಸಿಕ್ಕಿತು.

ಆಮೇಲೆ ಸಸ್ಪೆನ್ಷನ್ ಬುಷ್, ಅಂದ್ರೆ ಚಕ್ರದ ಜೋಡಣೆಯಲ್ಲಿ ಏಟು ತಡೆಯುವ ರಬ್ಬರ್. ನಮ್ಮ ಗುಂಡಿಗಳಿಗೆ ಅದು ಮಾಮೂಲು ಅಲ್ವಾ, ಹಂಪ್ ಇಳಿದಾಗಲೆಲ್ಲ ಟಕ್ ಟಕ್. ಹಳೇ ಓನರ್‌ಗೆ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ ಒತ್ತಿ ನಿಲ್ಲುವ ಚಟ ಇತ್ತೇನೋ, ಕ್ಲಚ್ ಪ್ಲೇಟೂ ಬದಲಾಯಿಸಿದೆ.

15 ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಬೇಕು, ನನ್ನದು 2027ಕ್ಕೆ. ರೇಟ್ ಮಾತಾಡುವಾಗ ಅದನ್ನೇ ಹೇಳಿ ಇಳಿಸಿ. ದಿನಾ ಸಿಲ್ಕ್ ಬೋರ್ಡ್ ಜಾಮ್ ದಾಟುವವರಿಗೆ ಇಂಥ ಗಾಡಿ ಬೇಡವೇ ಬೇಡ. ನಾನು ವಾರಕ್ಕೊಮ್ಮೆ ತುಮಕೂರಿಗೆ ಹೋಗಿ ಬರುತ್ತೇನೆ, ಅದಕ್ಕೆ ಧಾರಾಳ ಸಾಕು.