ದಿನಕ್ಕೆ ಆರು ಸಲ ‘ಏನನ್ನಿಸುತ್ತಿದೆ?’ ಅಂತ ಕೇಳುವ ಆ್ಯಪ್: ಮೂರು ತಿಂಗಳು ಬಳಸಿದ ಮೇಲೆ

ನನ್ನ ಕೆಲಸ ಬೈಗುಳ ಕೇಳುವುದು. ಹುದ್ದೆಗೆ ಹೆಸರು ಬೇರೆ ಇದೆ, ಗ್ರಾಹಕ ಸೇವಾ ಪ್ರತಿನಿಧಿ ಅಂತ. ಹನ್ನೊಂದು ವರ್ಷದಿಂದ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಕೂತಿದ್ದೇನೆ. ಇಂಟರ್‌ನೆಟ್ ಹೋಯಿತು, ಬಿಲ್ಲು ಜಾಸ್ತಿ ಬಂತು, ಹೇಳಿದ ದಿನ ರಿಪೇರಿಗೆ ಯಾರೂ ಬರಲಿಲ್ಲ. ತಪ್ಪು ಯಾರದ್ದೋ, ಕೇಳುವ ಕಿವಿ ನನ್ನದು.

ನಮ್ಮಂಥವರ ಮನಸ್ಸು ನೆಟ್ಟಗಿರಲಿ ಅಂತ ಕಂಪನಿಯವರು ಒಂದು ಆ್ಯಪ್ ಕೊಟ್ಟರು. ಹೆಸರು ಹೇಳುವುದಿಲ್ಲ. ಇಂಥವು ಈಗ ಹತ್ತಾರು ಇವೆ, ಹೆಚ್ಚುಕಡಿಮೆ ಎಲ್ಲವೂ ಇದೇ ಥರ. ದಿನಕ್ಕೆ ಆರು ಸಲ, ಯಾವಾಗ ಅಂತ ಮುಂಚೆ ಹೇಳದೆ, ಮೂರು ಪ್ರಶ್ನೆ ಕೇಳುತ್ತೆ. ಈಗ ಏನು ಮಾಡುತ್ತಿದ್ದೀರಿ? ಏನನ್ನಿಸುತ್ತಿದೆ? ಈ ಹೊತ್ತಲ್ಲಿ ಬೇರೆಲ್ಲಾದರೂ ಇರಬೇಕಿತ್ತು ಅನ್ನಿಸುತ್ತಿದೆಯಾ? ನಮ್ಮಲ್ಲಿ ಫ್ಲೋರಿಗೆ ಫೋನ್ ಒಯ್ಯುವಂತಿಲ್ಲ. ಹಾಗಾಗಿ ಶಿಫ್ಟಿನಲ್ಲಿರುವಾಗ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಬರುತ್ತೆ, ಮನೆಗೆ ಹೋದ ಮೇಲೆ ಫೋನಿನಲ್ಲಿ. ಏನನ್ನಿಸುತ್ತಿದೆ ಅನ್ನೋದಕ್ಕೆ ಒಂದು ಪದ ಬರೆದು, ಒಂದು ಅಂಕವನ್ನೂ ಒತ್ತಬೇಕು. ಉತ್ತರ ಕೊಡೋಕೆ ಅರ್ಧ ನಿಮಿಷ ಸಾಕು. ವಾರಕ್ಕೊಮ್ಮೆ ಒಂದು ಗ್ರಾಫ್, ಒಂದಿಷ್ಟು ಬುದ್ಧಿಮಾತು. ಜೊತೆಗೆ ಐದೈದು ನಿಮಿಷದ ಪಾಠಗಳೂ ಇವೆ.

ಹೀಗೆ ಹೇಳದೆ ಕೇಳದೆ ಬಂದು ವಿಚಾರಿಸುವ ಪದ್ಧತಿ ಆ್ಯಪ್‌ನವರು ಕಂಡುಹಿಡಿದದ್ದಲ್ಲ. ಸ್ಮಾರ್ಟ್‌ಫೋನ್ ಇಲ್ಲದ ಕಾಲದಲ್ಲೇ ಮನಶ್ಶಾಸ್ತ್ರದವರು ಜನರ ಕೈಗೆ ಪೇಜರ್ ಕೊಟ್ಟು ಇದನ್ನು ಮಾಡಿದ್ದಾರೆ. ಪೇಜರ್ ಕೂಗಿದಾಗ ಚೀಟಿಯಲ್ಲಿ ಬರೆದಿಡಬೇಕು, ಅಷ್ಟೇ. 1989ರಲ್ಲಿ ಚಿಕ್ಸೆಂಟ್‌ಮಿಹಾಯಿ ಮತ್ತು ಲೆಫೆವರ್ ಪ್ರಕಟಿಸಿದ ಅಧ್ಯಯನದಲ್ಲಿ 78 ಜನ ಉದ್ಯೋಗಿಗಳು ಒಂದು ವಾರ ಹೀಗೆ ಬರೆದರು. ಕೊನೆಗೆ ಸಿಕ್ಕಿದ್ದು ವಿಚಿತ್ರ. ಮೈಮರೆತು ತೊಡಗಿಕೊಳ್ಳುವ ಗಳಿಗೆಗಳು ಬಿಡುವಿಗಿಂತ ಕೆಲಸದಲ್ಲೇ ಜಾಸ್ತಿ. ಆದರೆ ಕೆಲಸದಲ್ಲಿರುವಾಗ ಅದೇ ಜನ ‘ಬೇರೇನಾದರೂ ಮಾಡುತ್ತಿದ್ದರೆ ಚೆನ್ನಾಗಿತ್ತು’ ಅಂತ ಬರೆದಿದ್ದರು.

ಪಾಠದಲ್ಲಿ ಇದನ್ನು ಓದಿ ‘ಹಾಗೂ ಉಂಟೇ’ ಅಂದುಕೊಂಡೆ. ಎರಡನೇ ವಾರ ನನ್ನ ಗ್ರಾಫ್ ನೋಡಿದರೆ ನಾನೂ ಹಾಗೇ. ಮೂರು ಸಲ ದೂರು ಕೊಟ್ಟರೂ ಸರಿಹೋಗದ ಒಂದು ಸಂಪರ್ಕದ ಮೂಲ ತಪ್ಪನ್ನು ಹುಡುಕಿ, ಮುಕ್ಕಾಲು ಗಂಟೆ ತಲೆ ಕೆಡಿಸಿಕೊಂಡು ಸರಿ ಮಾಡಿಸಿದ ದಿನ ನನ್ನ ಅಂಕ 9. ಭಾನುವಾರ ಮಧ್ಯಾಹ್ನ ಸೋಫಾ ಮೇಲೆ ಬಿದ್ದುಕೊಂಡು ಫೋನ್ ತಿಕ್ಕುತ್ತಿದ್ದಾಗ 4. ಆದರೂ ಆ 9ರ ಹೊತ್ತಲ್ಲಿ ಮೂರನೇ ಪ್ರಶ್ನೆಗೆ ‘ಹೌದು, ಬೇರೆಲ್ಲಾದರೂ ಇರಬೇಕಿತ್ತು’ ಅಂತ ಒತ್ತಿದ್ದೆ. ಯಾಕೆ ಒತ್ತಿದೆ? ಕೆಲಸದಲ್ಲಿದ್ದೀನಿ ಅಲ್ವಾ, ಹಾಗೆ ಒತ್ತಬೇಕು ಅಂತ ಬೆರಳಿಗೇ ಅಭ್ಯಾಸ ಆಗಿಬಿಟ್ಟಿದೆ.

ಈ ಆ್ಯಪ್‌ನಲ್ಲಿ ನನಗೆ ನಿಜಕ್ಕೂ ಉಪಯೋಗವಾದ ಜಾಗ ಒಂದೇ. ಅದು ‘ಏನನ್ನಿಸುತ್ತಿದೆ’ ಅನ್ನೋ ಖಾಲಿ ಡಬ್ಬಿ.

ಮೊದಲ ಎರಡು ವಾರ 71 ಸಲ ಉತ್ತರ ಕೊಟ್ಟಿದ್ದೆ. ಅದರಲ್ಲಿ 38 ಸಲ ಬರೆದದ್ದು ಒಂದೇ ಪದ, ‘ಬೇಜಾರು’. ನಮ್ಮ ಬೇಜಾರಿನ ವಿಷಯ ನಿಮಗೆ ಗೊತ್ತಲ್ಲ. ಮಾಡೋಕೆ ಕೆಲಸ ಇಲ್ಲದಿದ್ದರೂ ಬೇಜಾರು, ಕೆಲಸ ಜಾಸ್ತಿಯಾದರೂ ಬೇಜಾರು. ಗೆಳತಿ ಮಾತಾಡಿಸದೆ ಹೋದರೆ ಬೇಜಾರು, ಯಾರೋ ತೀರಿಕೊಂಡರೂ ಬೇಜಾರು. ತಪ್ಪು ಮಾಡಿದವರೇ ಬಂದು ‘ಬೇಜಾರು ಮಾಡ್ಕೋಬೇಡಿ’ ಅನ್ನುತ್ತಾರೆ. ಒಂದೇ ಚೀಲದಲ್ಲಿ ಮನೆಯ ಸಾಮಾನೆಲ್ಲ ತುಂಬಿದ ಹಾಗೆ.

ಮೂರನೇ ವಾರದಿಂದ ಆ್ಯಪ್ ಮರುಪ್ರಶ್ನೆ ಹಾಕಲು ಶುರು ಮಾಡಿತು. ‘ಯಾವ ಥರದ ಬೇಜಾರು?’ ಕೆಳಗೆ ಅದರದ್ದೇ ಪಟ್ಟಿ: ಖಿನ್ನತೆ, ಉದ್ವೇಗ, ಹತಾಶೆ, ವಿಷಣ್ಣತೆ. ಇದನ್ನೆಲ್ಲ ಯಾರು ಬಾಯಿಬಿಟ್ಟು ಹೇಳುತ್ತಾರೆ? ಪುಣ್ಯಕ್ಕೆ ನಮ್ಮದೇ ಪದ ಸೇರಿಸುವ ಅವಕಾಶ ಇತ್ತು. ಒಂದೊಂದಾಗಿ ಸೇರಿಸುತ್ತಾ ಹೋದೆ. ಕಿರಿಕಿರಿ. ಕಸಿವಿಸಿ. ಮಂಕು. ರೋಸಿಹೋಗಿದೆ. ಪೆಚ್ಚು. ಇರಿಸುಮುರಿಸು. ತಿಂಗಳು ಮುಗಿಯುವಾಗ ಹದಿನಾಲ್ಕು ಪದ ಆಗಿದ್ದವು.

ಆಮೇಲೆ ಗ್ರಾಫ್ ಮಾತಾಡತೊಡಗಿತು. ಕೂಗಾಡುವ ಗ್ರಾಹಕರ ಎದುರಿಗೆ ನಾನು ಬರೆದದ್ದು ಬಹುಪಾಲು ‘ಕಿರಿಕಿರಿ’. ಅದು ಮುಂದಿನ ಸಲ ಕೇಳುವಷ್ಟರಲ್ಲಿ ಇಳಿದಿರುತ್ತಿತ್ತು. ಆದರೆ ‘ಪೆಚ್ಚು’ ಬಂದರೆ ಮರುದಿನ ಬೆಳಗ್ಗೆವರೆಗೂ ಇರುತ್ತಿತ್ತು. ಪೆಚ್ಚಾದ ದಿನಗಳನ್ನು ತೆಗೆದು ನೋಡಿದೆ. ಒಂಬತ್ತರಲ್ಲಿ ಏಳು ದಿನ ಕ್ವಾಲಿಟಿ ಟೀಮಿನಿಂದ ಮೆಸೇಜ್ ಬಂದ ದಿನಗಳು. ನಮ್ಮ ಕರೆಗಳನ್ನು ಕೇಳಿ ಅಂಕ ಹಾಕುವವರು ಅವರು. ಒಂದು ಮೆಸೇಜ್ ಇನ್ನೂ ನೆನಪಿದೆ: ‘ಸಮಸ್ಯೆ ಬಗೆಹರಿದಿದೆ. ಸ್ವರದಲ್ಲಿ ನಗು ಸಾಲದು. 2 ಅಂಕ ಕಡಿತ.’

ಹನ್ನೊಂದು ವರ್ಷ ನಾನು ಅಂದುಕೊಂಡಿದ್ದೆ, ನನ್ನನ್ನು ಹಣ್ಣು ಮಾಡುತ್ತಿರುವುದು ಗ್ರಾಹಕರು ಅಂತ. ಅಲ್ಲ, ಆ ಎರಡು ಅಂಕ. ಬೇಜಾರು ಅನ್ನೋ ಒಂದೇ ಪದ ಇಟ್ಟುಕೊಂಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಜೊತೆಯವರು 2001ರಲ್ಲಿ ಇದನ್ನೇ ತೋರಿಸಿದ್ದರಂತೆ. ಕೆಟ್ಟ ಭಾವನೆಗಳನ್ನು ಬಿಡಿಸಿ ಬಿಡಿಸಿ ಗುರುತಿಸುವವರು ಅವನ್ನು ಸಂಭಾಳಿಸುವುದರಲ್ಲೂ ಮುಂದಿರುತ್ತಾರೆ ಅಂತ. ಸಂಭಾಳಿಸುವುದರಲ್ಲಿ ನಾನು ಮುಂದೆ ಬಂದೆನೋ ಇಲ್ಲವೋ, ಯಾರ ಮೇಲೆ ಸಿಟ್ಟಾಗಬೇಕು ಅನ್ನೋದಂತೂ ಗೊತ್ತಾಯಿತು.

ಇನ್ನು ಆ್ಯಪ್ ಕೊಡುವ ಸಲಹೆಗಳು. ಇಲ್ಲೇ ನನ್ನ ತಕರಾರು.

ಪೆಚ್ಚು ಅಂತ ಬರೆದ ದಿನ ಬಂದ ಸಲಹೆ: ‘ಮುಂದಿನ ಮಾತುಕತೆಯನ್ನು ನಗುತ್ತಾ ಶುರು ಮಾಡಿ!’ ನಗು ಸಾಲದು ಅಂತ ಅಂಕ ಕಳೆದುಕೊಂಡವಳಿಗೆ ಈ ಮಾತು! ತಮಾಷೆ ಏನೆಂದರೆ ಅದೇ ಆ್ಯಪ್‌ನ ಪಾಠದಲ್ಲಿ ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಶೀಲ್ಡ್ ಅವರ ವಿಷಯ ಇದೆ. 1983ರಲ್ಲಿ ಗಗನಸಖಿಯರನ್ನೂ ಸಾಲ ವಸೂಲಿ ಮಾಡುವವರನ್ನೂ ನೋಡಿ ಬರೆದವರು. ಒಬ್ಬರು ಸಂಬಳಕ್ಕಾಗಿ ನಗಬೇಕು, ಇನ್ನೊಬ್ಬರು ಸಂಬಳಕ್ಕಾಗಿ ಗದರಿಸಬೇಕು. ಭಾವನೆಯೂ ದುಡಿಮೆಯೇ ಅಂತ ಹೇಳಿದವರು ಅವರು. ಒಳಗೊಂದು, ಮುಖದ ಮೇಲೊಂದು ಇಟ್ಟುಕೊಳ್ಳುವುದು ಮೇಲ್ಮೈ ನಟನೆ. ಆ ಭಾವನೆಯನ್ನೇ ಒಳಗೆ ಬರಿಸಿಕೊಳ್ಳಲು ನೋಡುವುದು ಆಳದ ನಟನೆ. ಮೂರು ದಶಕಗಳ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು 2011ರಲ್ಲಿ ಹ್ಯೂಲ್ಶೆಗರ್ ಮತ್ತು ಶೇವೆ ನೋಡಿದಾಗ, ಮೇಲ್ಮೈ ನಟನೆ ಜಾಸ್ತಿ ಇರುವ ಕಡೆ ದಣಿವು, ಒತ್ತಡವೂ ಜಾಸ್ತಿ ಕಂಡವು. ಆಳದ ನಟನೆಗೆ ಅಂಥ ಗಟ್ಟಿ ನಂಟು ಕಾಣಲಿಲ್ಲ. ಪಾಠ ಬರೆದವರು ಒಬ್ಬರು, ಸಲಹೆ ಬರೆದವರು ಇನ್ನೊಬ್ಬರು ಇರಬೇಕು. ಇಬ್ಬರಿಗೂ ಮಾತುಕತೆ ಇಲ್ಲ.

ಈ ಪಾಠ ನನಗೆ ನಾಟಿದ್ದು ಮಗಳಿಂದ. ಒಂದು ಸಂಜೆ ಅವಳ ಚಿತ್ರದ ಮೇಲೆ ನೀರು ಚೆಲ್ಲಿತು. ಅಳುತ್ತಾ ಬಂದಳು. ನಾನು ಪಾತ್ರೆ ತೊಳೆಯುತ್ತಿದ್ದೆ. ತಿರುಗಿ ನೋಡದೆ ‘ನಿನ್ನ ತೊಂದರೆ ನನಗೆ ಅರ್ಥವಾಗುತ್ತೆ, ಇದಕ್ಕಾಗಿ ವಿಷಾದಿಸ್ತೀನಿ’ ಅಂದೆ. ಅಳು ನಿಂತಿತು. ‘ಅಮ್ಮಾ, ನೀನ್ಯಾಕೆ ಫೋನಲ್ಲಿ ಮಾತಾಡೋ ಥರ ಮಾತಾಡ್ತಿದೀಯ?’ ಅಂದಳು. ನನ್ನ ಸ್ವರದಲ್ಲಿ ನಗು ಇತ್ತು, ಅದೂ ಸಾಕಷ್ಟು. ಸ್ಕ್ರಿಪ್ಟಿನಲ್ಲಿದ್ದ ಹಾಗೇ. ಅವತ್ತು ರಾತ್ರಿ ಆ್ಯಪ್ ಕೇಳಿದಾಗ ಏನು ಬರೆಯಬೇಕೋ ತಿಳಿಯದೆ ಡಬ್ಬಿ ಖಾಲಿ ಬಿಟ್ಟೆ. ‘ನೀವು ಒಂದು ಉತ್ತರ ತಪ್ಪಿಸಿಕೊಂಡಿರಿ’ ಅಂತ ಅದು ನೆನಪಿಸಿತು.

ಅನುವಾದದ ಬಗ್ಗೆ ಒಂದು ಮಾತು. ‘ನೀವು ನೀಲಿಯಾಗಿದ್ದೀರಾ?’ ಅಂತ ಒಮ್ಮೆ ಕೇಳಿತು. ಚಾರ್ಜಿಂಗ್ ದೀಪದ ವಿಷಯ ಅಂದುಕೊಂಡೆ. ಇಂಗ್ಲಿಷಿನಲ್ಲಿ ‘ಬ್ಲೂ’ ಅಂದರೆ ಮಂಕಾಗಿರುವುದು, ಅದನ್ನು ಹಾಗೇ ಇಳಿಸಿದ್ದಾರೆ. ‘ನಿಮ್ಮ ಭಾವನೆಯೊಂದಿಗೆ ಕುಳಿತುಕೊಳ್ಳಿ’ ಅನ್ನೋದು ಇನ್ನೊಂದು. ದಿನಕ್ಕೆ ಒಂಬತ್ತು ಗಂಟೆ ಕೂತೇ ಇರುತ್ತೇನೆ, ಇನ್ನೆಲ್ಲಿ ಕೂರಲಿ?

ನಡುವೆ ‘ನೀವು ಯಾರು?’ ಅನ್ನೋ ಪರೀಕ್ಷೆಯೂ ಇದೆ. ಕೆಲಸವನ್ನು ಬರೀ ಸಂಬಳ ಅಂತ ನೋಡುತ್ತೀರಾ, ಮೇಲೇರುವ ಏಣಿ ಅಂತಲಾ, ಬದುಕಿನ ಕರೆ ಅಂತಲಾ? ಇದು ಏಮಿ ರೆಜ್ನೆಸ್ಕಿ ಮತ್ತು ಜೊತೆಯವರ 1997ರ ಅಧ್ಯಯನದಿಂದ ಬಂದದ್ದು. ಅದರಲ್ಲಿ 24 ಜನ ಆಡಳಿತ ಸಹಾಯಕರು, ಒಂದೇ ಥರದ ಹುದ್ದೆಯವರು, ಮೂರು ಗುಂಪಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದ್ದರು. ಅಂದರೆ ಇದು ಹುದ್ದೆಯಿಂದಷ್ಟೇ ತೀರ್ಮಾನವಾಗುವ ವಿಷಯ ಅಲ್ಲ. ಒಳ್ಳೆ ಮಾತು. ಆದರೆ ಆ್ಯಪ್ ಮಾಡಿದ್ದೇನು? ಹತ್ತು ಪ್ರಶ್ನೆ ಕೇಳಿ ‘ಸಂಬಳದವರು’ ಅಂತ ನನ್ನ ಹೆಸರಿನ ಕೆಳಗೆ ಪಟ್ಟಿ ಅಂಟಿಸಿತು. ತೆಗೆಯಲು ಬಟನ್ ಇಲ್ಲ. ತಿಂಗಳ ಕೊನೆಯಲ್ಲಿ, ಶಾಲೆಯ ಶುಲ್ಕ ಕಟ್ಟುವ ದಿನ ಆ ಪರೀಕ್ಷೆ ಬರೆದಿದ್ದೆ. ಸಂಬಳ ಅನ್ನದೆ ಇನ್ನೇನು ಅನ್ನಲಿ! ಆ 9 ಅಂಕದ ದಿನ ಕೇಳಿದ್ದರೆ ನಾನು ಬೇರೆಯವಳೇ ಆಗಿರುತ್ತಿದ್ದೆ.

ದಣಿವಿನ ಪಾಠದಲ್ಲಿ ಉಸಿರಾಟ, ನಿದ್ದೆ, ಧ್ಯಾನ ಎಲ್ಲ ಇದೆ. ತಪ್ಪೇನಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟನ್ನು, ಅಂದರೆ ಕೆಲಸದಿಂದ ಬೆಂದು ಬಸವಳಿಯುವುದನ್ನು, ಕಾಯಿಲೆ ಅಂತ ಪಟ್ಟಿ ಮಾಡಲಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ್ದು, ನಿಭಾಯಿಸಲಾಗದೆ ಉಳಿದುಹೋದ ಕೆಲಸದ ಒತ್ತಡದಿಂದ ಬರುವುದು ಅಂತ ಬರೆಯಿತು. ಬರ್ನೌಟ್ ಅಳೆಯುವ ಪ್ರಶ್ನಾವಳಿ ಮಾಡಿದ ಕ್ರಿಸ್ಟಿನಾ ಮಾಸ್ಲಾಕ್, ಮೈಕಲ್ ಲೈಟರ್ ಜೊತೆ ಸೇರಿ, ಕೆಲಸದಲ್ಲಿ ನೋಡಬೇಕಾದ ಆರು ಜಾಗ ಹೇಳಿದ್ದಾರೆ: ಕೆಲಸದ ಹೊರೆ, ಹಿಡಿತ, ಪ್ರತಿಫಲ, ಜೊತೆಗಾರರು, ನ್ಯಾಯ, ಮೌಲ್ಯ. ಮೂರು ತಿಂಗಳಲ್ಲಿ ಈ ಆರರಲ್ಲಿ ಒಂದನ್ನಾದರೂ ಆ್ಯಪ್ ಕೇಳಲಿಲ್ಲ. ಎರಡು ಕರೆಗಳ ನಡುವೆ ನಮಗೆ ಸಿಗೋದು ಹತ್ತು ಸೆಕೆಂಡ್. ಅದು ಹೇಳಿಕೊಡುವ ಉಸಿರಾಟಕ್ಕೆ ಮೂರು ನಿಮಿಷ ಬೇಕು.

ಎರಡನೇ ತಿಂಗಳಲ್ಲಿ ಒಂದು ಸುದ್ದಿ ಹಬ್ಬಿತು. ಒಬ್ಬೊಬ್ಬರ ಉತ್ತರ ಗುಟ್ಟಾಗಿರುತ್ತೆ, ಆದರೆ ಇಡೀ ಟೀಮಿನ ಸರಾಸರಿ ಮೇಲಿನವರಿಗೆ ಹೋಗುತ್ತೆ ಅಂತ. ಷರತ್ತುಗಳ ಪುಟದಲ್ಲಿ ಸಣ್ಣಕ್ಷರದಲ್ಲಿ ಇತ್ತು, ನಾವು ಓದಿರಲಿಲ್ಲ. ಮರುದಿನದಿಂದ ನಮ್ಮ ಸಾಲಿನವರೆಲ್ಲ 8 ಒತ್ತತೊಡಗಿದರು. ಒಂದೇ ವಾರದಲ್ಲಿ ಟೀಮಿನ ಸಂತೋಷ ಎಷ್ಟು ಏರಿತೆಂದರೆ ಅಭಿನಂದನೆಯ ಮೇಲ್ ಬಂತು. ಆಮೇಲೆ ನಾನು ಅಂಕಕ್ಕೆ 8 ಒತ್ತಿ, ಪದವನ್ನು ಮಾತ್ರ ನಿಜ ಬರೆದೆ. ಪದಗಳಿಗೆ ಸರಾಸರಿ ತೆಗೆಯಲು ಬರೋದಿಲ್ಲ ನೋಡಿ.

ಬಳಸಬಹುದಾ ಅಂತ ಕೇಳಿದರೆ, ಒಂದು ತಿಂಗಳು ಬಳಸಿ ಅನ್ನುತ್ತೇನೆ. ಕಂಪನಿ ಕೊಟ್ಟ ಖಾತೆಯಲ್ಲಿ ಬೇಡ, ಸ್ವಂತದ್ದರಲ್ಲಿ. ಸಲಹೆಗಳನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಪಾಠಗಳಲ್ಲಿ ಮೊದಲ ಆರು ಚೆನ್ನಾಗಿವೆ, ಆಮೇಲಿನದೆಲ್ಲ ಸುಮ್ನೆ ಎಳೆದದ್ದು. ಬರೆದದ್ದನ್ನು ಡೌನ್‌ಲೋಡ್ ಮಾಡಲು ಬರೋದಿಲ್ಲ, ಹಾಗಾಗಿ ನಿಮ್ಮ ಪದಗಳನ್ನು ಪುಸ್ತಕದಲ್ಲೂ ಬರೆದಿಟ್ಟುಕೊಳ್ಳಿ. ಐದಕ್ಕೆ ಮೂರು ನಕ್ಷತ್ರ. ಮೂರೂ ಆ ಖಾಲಿ ಡಬ್ಬಿಗೆ.

ಕಳೆದ ವಾರ ಆ್ಯಪ್‌ನವರ ಸಹಾಯ ವಿಭಾಗಕ್ಕೆ ಬರೆದೆ. ನಾಲ್ಕನೇ ಪ್ರಶ್ನೆ ಒಂದು ಸೇರಿಸಿ, ‘ಇದನ್ನು ಯಾರು ಬದಲಾಯಿಸಬಹುದು?’ ಅಂತ. ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು. ‘ನಿಮಗಾದ ಅನಾನುಕೂಲ ನಮಗೆ ಅರ್ಥವಾಗುತ್ತದೆ. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ.’ ಈ ಎರಡು ವಾಕ್ಯ ನಾನು ದಿನಕ್ಕೆ ನಲವತ್ತು ಸಲ ಹೇಳುತ್ತೇನೆ. ಕೆಳಗೆ ‘ಈ ಉತ್ತರ ಹೇಗಿತ್ತು?’ ಅಂತ ಐದು ನಕ್ಷತ್ರ ಇದ್ದವು. ಐದೂ ಒತ್ತಿದೆ. ಆ ಕಡೆ ಕೂತವರಿಗೆ ಯಾಕೆ ಸುಮ್ನೆ ಎರಡು ಅಂಕ ಕಡಿತ?