ಆರು ವರ್ಷ ಬಳಸಿದ ಮೇಲೆ: ಸಂಘದ ಕೈಯಲ್ಲಿರುವ ನಮ್ಮ ಪಾರ್ಕು

2021ರಲ್ಲಿ ಇದೇ ಪಾರ್ಕಿಗೆ ಐದು ಸ್ಟಾರ್ ಕೊಟ್ಟು, ಬೆಂಗಳೂರಿನ ಎಲ್ಲಾ ಪಾರ್ಕೂ ಹೀಗೇ ಆಗಲಿ ಅಂತ ಬರೆದವಳು ನಾನು. ಈಗ ಅದನ್ನು ಅಳಿಸಿ ಹೊಸದಾಗಿ ಬರೆಯುತ್ತಿದ್ದೇನೆ. ಪಾರ್ಕು ನೋಡಿಕೊಳ್ಳುವ ನಮ್ಮ ಬಡಾವಣೆ ಸಂಘದ ಹೆಸರು ಹಾಕಲ್ಲ. ಬೆಳಗಾದರೆ ಅವರ ಮುಖ ನಾನು ನೋಡಬೇಕು, ನನ್ನ ಮುಖ ಅವರು ನೋಡಬೇಕು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ, ಯಾಕೆಂದರೆ ಅದು ಸುಳ್ಳಲ್ಲ. 2019ಕ್ಕೆ ಮುಂಚೆ ಇದು ಹೆಸರಿಗೆ ಮಾತ್ರ ಪಾರ್ಕು. ಗುತ್ತಿಗೆದಾರರ ಕಡೆಯವರು ತಿಂಗಳಿಗೊಮ್ಮೆ ಬಂದು, ಒಂದು ಮೂಲೆಯಲ್ಲಿ ಪಾರ್ಥೇನಿಯಂ ಕಿತ್ತು, ಅಲ್ಲೇ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಉಯ್ಯಾಲೆಗೆ ಸರಪಳಿ ಇತ್ತು, ಹಲಗೆ ಇರಲಿಲ್ಲ. ಸಂಜೆ ಏಳಾದ ಮೇಲೆ ಹೆಂಗಸರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಬೆಳಗ್ಗೆ ಬೆಂಚಿನ ಕೆಳಗೆ ಖಾಲಿ ಬಾಟಲಿ. ಆಗ ಬಡಾವಣೆಯ ಸಂಘದವರು ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡು ಪಾರ್ಕು ವಹಿಸಿಕೊಂಡರು, ಮನೆಗೆ ತಿಂಗಳಿಗೆ 200 ರೂಪಾಯಿ ಎತ್ತಿದರು, ಒಬ್ಬ ಮಾಲಿ, ಒಬ್ಬ ವಾಚ್‌ಮನ್ ಇಟ್ಟರು. ಒಂದೇ ವರ್ಷದಲ್ಲಿ ದೀಪ ಬಂತು, ಒಣಗಿದ ಎಲೆ ಸುಡುವುದು ನಿಂತು ಗೊಬ್ಬರದ ಗುಂಡಿ ಬಂತು. ಆ ಗೊಬ್ಬರ ನಾನೇ ಮೂರು ಚೀಲ ತಂದು ಟೆರೇಸಿನ ಬದನೆಗೆ ಹಾಕಿದ್ದೇನೆ. ಅದಕ್ಕೆ ಮಾತ್ರ ಇವತ್ತಿಗೂ ಪೂರ್ತಿ ಮಾರ್ಕು.

ತಕರಾರು ಶುರುವಾಗಿದ್ದು ಬೀಗದಿಂದ.

ಮುಂಚೆ ಬೆಂಗಳೂರಿನ ಪಾಲಿಕೆ ಪಾರ್ಕುಗಳನ್ನು ಮಧ್ಯಾಹ್ನ ಮುಚ್ಚುತ್ತಿದ್ದರು, ಅದು ಎಲ್ಲರಿಗೂ ಗೊತ್ತು. 2024ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಅಂತ ಆಯಿತು. ನಮ್ಮ ಗೇಟಿಗೂ ಹೊಸ ಬೋರ್ಡು ಬಂತು. ಒಂದು ವಾರಕ್ಕೆ ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಬೋರ್ಡು: "ನಿರ್ವಹಣೆ ಸಮಯ 10ರಿಂದ 4". ದಿನಾ ಆರು ಗಂಟೆ ಏನಪ್ಪಾ ನಿರ್ವಹಣೆ? ಮಾಲಿ ಒಂಬತ್ತೂವರೆಗೇ ಸೈಕಲ್ ಹತ್ತಿ ಹೋಗಿರುತ್ತಾರೆ.

ಏಪ್ರಿಲ್ ತಿಂಗಳ ಒಂದು ದಿನ ಹನ್ನೊಂದು ಗಂಟೆಗೆ ತರಕಾರಿ ತಗೊಂಡು ಬರುತ್ತಿದ್ದೆ. ನಮ್ಮ ರಸ್ತೆ ಗುಡಿಸುವ ಇಬ್ಬರು ಪೌರಕಾರ್ಮಿಕರು ಗೇಟಿನ ಹೊರಗೆ, ಫುಟ್‌ಪಾತ್ ಕಲ್ಲಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಚಿತ್ರಾನ್ನ. ಒಬ್ಬರು ಸೆರಗನ್ನು ತಲೆ ಮೇಲೆ ಎಳೆದುಕೊಂಡು ಎಡಗೈಯಲ್ಲಿ ಡಬ್ಬಿಗೆ ನೆರಳು ಮಾಡಿಕೊಂಡು ತಿನ್ನುತ್ತಿದ್ದರು. ಅವರ ಬೆನ್ನಿಗೆ ಸರಿಯಾಗಿ ಐದು ಅಡಿ ದೂರದಲ್ಲಿ, ಕಂಬಿಯ ಒಳಗಡೆ, ಹೊಂಗೆ ಮರದ ಕೆಳಗೆ ಬೆಂಚು ಖಾಲಿ ಬಿದ್ದಿತ್ತು. ವಾಚ್‌ಮನ್‌ಗೆ ಬೀಗ ತೆಗೆಯಿರಿ ಅಂದೆ. "ನನ್ನ ಕೆಲಸ ಹೋಗುತ್ತೆ ಮೇಡಂ" ಅಂದರು. ಕೂತಿದ್ದವರೇ ನನ್ನನ್ನು ಸಮಾಧಾನ ಮಾಡಿದರು: "ಬಿಡಕ್ಕ, ನಾವು ಬಿಸಿಲಿಗೆ ಹೊಸಬರಾ?"

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಕುಡಿಯುವ ನೀರಿನ ನಲ್ಲಿಯ ಹಿಡಿ ಬಿಚ್ಚಿಟ್ಟಿದ್ದಾರೆ, ಡೆಲಿವರಿ ಹುಡುಗರು ಬಂದು ಬಾಟಲಿ ತುಂಬಿಸಿಕೊಳ್ಳುತ್ತಾರಂತೆ. ಚೆಂಡು ಆಡುವಂತಿಲ್ಲ. ಈ ವಿಷಯದಲ್ಲಿ ನಮ್ಮವರೊಬ್ಬರೇ ಅಲ್ಲ ಬಿಡಿ, ಇಂದಿರಾನಗರದ ಒಂದು ಪಾರ್ಕಿನಲ್ಲಿ ಓಡಬಾರದು, ಉಲ್ಟಾ ಸುತ್ತು ನಡೆಯಬಾರದು ಅಂತೆಲ್ಲ ಬೋರ್ಡು ಹಾಕಿ ಊರೆಲ್ಲ ನಕ್ಕಿತ್ತು. ಆದರೆ ನಮ್ಮಲ್ಲಿ ನನ್ನ ಮಗನ ಚೆಂಡಿಗೆ ಬರೀ ಬೈಗುಳ, ಹಿಂದಿನ ಬೀದಿಯ ಶೀಟ್ ಮನೆ ಮಕ್ಕಳ ಚೆಂಡು ಮಾತ್ರ ಆಫೀಸ್ ರೂಮಿನ ಬೀರುವಿಗೆ. ಮಗನೇ ಬಂದು ಹೇಳಿದ, "ಅಮ್ಮ, ಅವರದ್ದು ಮೂರು ಚೆಂಡು ಅಲ್ಲೇ ಇದೆ, ನಂದು ಇಲ್ಲ."

ಸಂಘದ ವಾರ್ಷಿಕ ಸಭೆಯಲ್ಲಿ ಇದನ್ನೆಲ್ಲ ಕೇಳಿದೆ. ಒಬ್ಬ ಹಿರಿಯರು ಎದ್ದು ನಿಂತರು. ಪ್ರತಿ ಸಭೆಯಲ್ಲೂ ಅವರು ನ್ಯೂಯಾರ್ಕ್‌ಗೆ ಹೋಗಿ ಬರುತ್ತಾರೆ, ಮಗ ಅಲ್ಲಿದ್ದಾನೆ. "ಸೆಂಟ್ರಲ್ ಪಾರ್ಕ್ ನೋಡಮ್ಮ, 843 ಎಕರೆ, ಅಲ್ಲೂ ನಮ್ಮ ಹಾಗೇ ಒಂದು ಸಂಸ್ಥೆ ನಡೆಸುತ್ತೆ" ಅಂದರು. ಹೌದು, ನಡೆಸುತ್ತೆ. 1980ರಲ್ಲಿ ಹುಟ್ಟಿದ ಸಂಸ್ಥೆ, ಖರ್ಚಿನ ದೊಡ್ಡ ಪಾಲು ಅವರೇ ದಾನಿಗಳಿಂದ ಎತ್ತುತ್ತಾರೆ. ಆದರೆ 1998ರಿಂದ ನಗರದ ಜೊತೆ ಬರಹದಲ್ಲಿ ಕರಾರಿದೆ, ಜಾಗ ನಗರದ್ದೇ. ನಮ್ಮ ಕರಾರು ಎಲ್ಲಿದೆ ಅಂಕಲ್, ಒಂದ್ಸಲ ತೋರಿಸಿ ಅಂದೆ. ಅವರು ಕಾರ್ಯದರ್ಶಿ ಮುಖ ನೋಡಿದರು, ಕಾರ್ಯದರ್ಶಿ ಕಾಫಿ ಬಂತಾ ಅಂತ ಬಾಗಿಲ ಕಡೆ ನೋಡಿದರು. "200 ರೂಪಾಯಿ ಕೊಡದವರೂ ಒಳಗೆ ಬಂದರೆ ಕೊಡುವವರು ಯಾಕೆ ಕೊಡಬೇಕು?" ಅಂತ ಇನ್ನೊಬ್ಬರು ಕೇಳಿದರು. ಇಡೀ ಜಗಳದ ಬೇರು ಈ ಪ್ರಶ್ನೆ. ನಾವು ಕೊಟ್ಟಿದ್ದು ವಂತಿಗೆ, ಟಿಕೆಟ್ ದುಡ್ಡಲ್ಲ ಅಲ್ವಾ? ನಾನಿದನ್ನು ಹೇಳುವ ಹೊತ್ತಿಗೆ ಕಾಫಿ ಬಂದಿತ್ತು.

ಕೊನೆಗೆ ಆರ್‌ಟಿಐ ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. (ಯಾರಾದರೂ ಹಾಕುವುದಾದರೆ "ಒಪ್ಪಂದದ ಪ್ರತಿ ಕೊಡಿ" ಅಂತಷ್ಟೇ ಕೇಳಿ, ನನ್ನ ಹಾಗೆ ಮೊದಲನೇ ಸಲ ಕಥೆ ಬರೆಯಬೇಡಿ, ವಾಪಸ್ ಬರುತ್ತೆ.) 30 ದಿನ ಅಂತ ಕಾನೂನು, ನನಗೆ ಸಿಕ್ಕಿದ್ದು ಮೂರು ತಿಂಗಳಿಗೆ. ನಾಲ್ಕು ಪುಟ. ಎರಡು ವರ್ಷದ ಒಪ್ಪಂದ, 2021ಕ್ಕೇ ಮುಗಿದಿದೆ, ಯಾರೂ ಮತ್ತೆ ಮಾಡಿಸಿಲ್ಲ. ಸಂಘ ಗಿಡ ನೋಡಿಕೊಳ್ಳಬೇಕು, ಸ್ವಚ್ಛ ಇಡಬೇಕು ಅಂತಿದೆ. ಗೇಟಿನ ಸಮಯ ಇವರು ಬದಲಿಸಬಹುದು ಅಂತ ಎಲ್ಲೂ ಇಲ್ಲ. ಕೊನೆಯ ಪುಟದಲ್ಲಿ ಸಾರ್ವಜನಿಕರ ಪ್ರವೇಶಕ್ಕೆ ಅಡ್ಡಿ ಮಾಡಬಾರದು ಅಂತ ಒಂದು ಸಾಲು ಇದೆ. ಅಂದರೆ ನಾನು ಐದು ಸ್ಟಾರ್ ಕೊಟ್ಟ ವರ್ಷವೇ ಇವರ ಅಧಿಕಾರ ಮುಗಿದಿತ್ತು!

ಹಾಗಂತ ಸಂಘವನ್ನು ಓಡಿಸಿ ಅಂತ ನಾನು ಹೇಳುತ್ತಿಲ್ಲ. ಕೆಲವರು ವಾಟ್ಸಾಪಲ್ಲಿ ಹಾಗೆ ಬರೆಯುತ್ತಿದ್ದಾರೆ, ಅವರಿಗೆ ಹಳೇ ಪಾರ್ಕು ಮರೆತುಹೋಗಿದೆ. ಪುಟ್ಟೇನಹಳ್ಳಿ ಕೆರೆಯನ್ನು 2011ರಿಂದ ಅಲ್ಲಿನ ನಿವಾಸಿಗಳ ಟ್ರಸ್ಟ್ ಒಪ್ಪಂದ ಮಾಡಿಕೊಂಡು ನೋಡಿಕೊಂಡಿದ್ದನ್ನು ಕಣ್ಣಾರೆ ಕಂಡವಳು ನಾನು, ಜನ ಸೇರಿದರೆ ಏನು ಆಗಬಹುದು ಅಂತ ಗೊತ್ತು. ಪಾಲಿಕೆಗೇ ವಾಪಸ್ ಕೊಟ್ಟರೆ ಫೋಟೋ ತೆಗೆಸಿಕೊಳ್ಳುವವರು ಮತ್ತೆ ಬರುತ್ತಾರೆ. ಅದೂ ಈಗ 2025ರ ಸೆಪ್ಟೆಂಬರ್‌ನಿಂದ ಒಂದು ಪಾಲಿಕೆ ಹೋಗಿ ಐದಾಗಿದೆ, ಹೊಸ ಒಪ್ಪಂದಕ್ಕೆ ಯಾವ ಟೇಬಲ್ಲು ಅಂತ ಕಾರ್ಯದರ್ಶಿಯೂ ಹುಡುಕುತ್ತಿದ್ದಾರೆ, ನಾನೂ ಹುಡುಕುತ್ತಿದ್ದೇನೆ. ಈ ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ ಪಾರ್ಟಿ.

ಆ ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದೆ. ಎರಡು ದಿನಕ್ಕೆ ಕಿತ್ತರು, ಮತ್ತೆ ಅಂಟಿಸಿದೆ. ಮೂರನೇ ಸಲ ಬಿಟ್ಟರು. ಈಗ ಬೀಗ ಬೀಳುವುದು ಒಂದು ಗಂಟೆಗೆ, ತೆಗೆಯುವುದು ಮೂರಕ್ಕೆ. ಹನ್ನೊಂದಕ್ಕೆ ಹೊಂಗೆ ಮರದ ಬೆಂಚಿನಲ್ಲಿ ಡಬ್ಬಿಗಳು ಕಾಣುತ್ತವೆ. ಚೆಂಡುಗಳು ಇನ್ನೂ ಬೀರುವಿನಲ್ಲೇ.

ಎರಡೂವರೆ ಕೊಡೋಣ ಅಂದುಕೊಂಡೆ, ಇಲ್ಲಿ ಅರ್ಧ ಸ್ಟಾರ್ ಒತ್ತೋಕೆ ಬರಲ್ಲ, ಗೊಬ್ಬರದ ಮುಖ ನೋಡಿ ಮೂರು. ಹೋಗುವವರು ನೀರು ಮನೆಯಿಂದಲೇ ತಗೊಂಡು ಹೋಗಿ, ನಲ್ಲಿಗೆ ಹಿಡಿ ಇನ್ನೂ ಬಂದಿಲ್ಲ.